ಕಾರಣ ಹೇಳದ ವಿಚಾರಣೆ

೨೦೨೪ರ ನವೆಂಬರ್ ೧೬, ಶನಿವಾರ, ಬೆಳಿಗ್ಗೆ ಹತ್ತು ಇಪ್ಪತ್ತು. ಅತ್ತಿಗುಪ್ಪೆಯಲ್ಲಿ ದೇವೇಂದ್ರಪ್ಪ ಎಂಬುವರ ಮನೆಯ ಗೇಟಿನ ಮುಂದೆ ನಿಂತು ಪುರುಷೋತ್ತಮ ಮಗಳನ್ನು ಮತ್ತೊಮ್ಮೆ ಎಚ್ಚರಿಸಿದರು.

"ಯಾಕೆ ಕೇಳ್ತಾ ಇದೀವಿ ಅಂತ ಮಾತ್ರ ಬಾಯಿ ಬಿಡ್ಬೇಡ."

"ಒಬ್ಬ ಟೈಲ್ಸ್ ಕಂಟ್ರಾಕ್ಟರನ್ನ ವಿಚಾರಿಸೋಕೆ ಸಿಐಡಿ ಥರ ಆಡ್ತಾ ಇದೀರಲ್ಲಪ್ಪಾ," ಎಂದಳು ದೀಪ್ತಿ.

ಪುರುಷೋತ್ತಮ ನಗಲಿಲ್ಲ. ನಗುವಷ್ಟು ತ್ರಾಣ ಉಳಿದಿರಲಿಲ್ಲ. ಬಸವೇಶ್ವರನಗರದ ಅವರ ಮನೆಯ ಬಚ್ಚಲಿಗೆ ಈ ವರ್ಷ ಇಬ್ಬರು ಕೈಹಾಕಿದ್ದರು. ಮೊದಲನೆಯವನು ಅರ್ಧಕ್ಕೆ ಬಿಟ್ಟುಹೋದ. ಎರಡನೆಯವನು ಮುಗಿಸಿದ, ಆದರೆ ನೀರು ಜಾಲರಿಯ ಕಡೆ ಹರಿಯದೆ ಬಾಗಿಲ ಬಳಿ ನಿಲ್ಲುತ್ತಿತ್ತು. ಆಗಸ್ಟಿನ ಒಂದು ಬೆಳಿಗ್ಗೆ ಪುರುಷೋತ್ತಮರ ಹೆಂಡತಿ ತುಂಗಾ ಆ ನೀರಿನಲ್ಲಿ ಜಾರಿಬಿದ್ದರು. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆದಮೇಲೆ ಬಿನ್ನಿಪೇಟೆಯಲ್ಲಿ ತಂಗಿಯ ಮನೆಯಲ್ಲಿದ್ದರು. ಇನ್ನೊಮ್ಮೆ ಬಿದ್ದರೆ ಎದ್ದು ನಡೆಯುವುದು ಅನುಮಾನ ಎಂದು ಡಾಕ್ಟರು ಹೇಳಿದ್ದರು. ಬಚ್ಚಲು ಸರಿಹೋಗದೆ ಅವರನ್ನು ಮನೆಗೆ ಕರೆತರುವಂತಿರಲಿಲ್ಲ.

ಮೂರನೆಯವನು ಸಿದ್ಧಾರ್ಥ. ಕೆಂಗೇರಿಯವನು, ವಯಸ್ಸು ಮೂವತ್ತರೊಳಗೆ. ಅವನ ಕಾರ್ಡಿನ ಮೇಲಿದ್ದ ಜಿಎಸ್‌ಟಿ ಸಂಖ್ಯೆ ನಿಜವಾಗಿತ್ತು, ವಿಳಾಸವೂ ನಿಜವಾಗಿತ್ತು. ಕೈಕೆಲಸ ಹೇಗೆ ಎಂಬುದು ಮಾತ್ರ ದೇವೇಂದ್ರಪ್ಪನವರಂತೆ ಅವನಿಂದ ಕೆಲಸ ಮಾಡಿಸಿಕೊಂಡವರಿಗೆ ಗೊತ್ತು. ಹಿಂದಿನ ಇಬ್ಬರ ಬಗ್ಗೆ ವಿಚಾರಿಸುವಾಗ ಪುರುಷೋತ್ತಮ, ಕೆಲಸ ಕೊಡಬೇಕೆಂದಿದ್ದೇನೆ ಎಂದು ಹೇಳಿಯೇ ಕೇಳಿದ್ದರು. ಒಬ್ಬರ ಹೊಟ್ಟೆಯ ಮೇಲೆ ಹೊಡೆಯುವುದೇಕೆಂದು ಎಲ್ಲರೂ ಹೊಗಳಿ ಕಳಿಸಿದ್ದರು. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರಿಗೆ ತಪ್ಪು ಎಲ್ಲಾಯಿತೆಂದು ತಡವಾಗಿ ಹೊಳೆದಿತ್ತು. ಪ್ರಶ್ನೆಯ ಉದ್ದೇಶ ತಿಳಿದರೆ ಉತ್ತರ ಬಾಗುತ್ತದೆ. ಆದ್ದರಿಂದ ಈ ಸಲ ಉದ್ದೇಶವನ್ನೇ ಹೇಳುವುದಿಲ್ಲ.

ದೇವೇಂದ್ರಪ್ಪ ಬಾಗಿಲು ತೆರೆದರು.

"ಕೆಂಗೇರಿ ಸಿದ್ಧಾರ್ಥ ನಿಮಗೆ ಪರಿಚಯ ಅಂತ ಗೊತ್ತಾಯ್ತು. ಹೇಗೆ ಹುಡುಗ?" ಎಂದರು ಪುರುಷೋತ್ತಮ.

ದೇವೇಂದ್ರಪ್ಪ ಅವರನ್ನೊಮ್ಮೆ ನೋಡಿದರು, ದೀಪ್ತಿಯನ್ನೊಮ್ಮೆ ನೋಡಿದರು. ಮುಖ ಅರಳಿತು. "ಒಳಗೆ ಬನ್ನಿ ಸಾರ್, ಬೀದೀಲಿ ನಿಂತು ಮಾತಾಡೋ ವಿಷಯಾನಾ ಇದು? ಬಂಗಾರದಂಥ ಹುಡುಗ. ಕುಡಿಯಲ್ಲ, ಸಿಗರೇಟ್ ಮುಟ್ಟಲ್ಲ."

"ಕೆಲಸ?"

"ಪುರುಸೊತ್ತೇ ಇಲ್ಲದಷ್ಟು ಕೆಲಸ ಇದೆ ಅವನಿಗೆ. ಯೋಚನೆ ಮಾಡ್ಬೇಡಿ, ಮುಂದುವರೀರಿ."

ಸಿದ್ಧಾರ್ಥನಿಂದಲೇ ಬಚ್ಚಲು ಮಾಡಿಸಿಕೊಂಡಿದ್ದ ವಿಜಯನಗರದ ಶೋಭಾರಾಣಿ ಇನ್ನೂ ಧಾರಾಳಿ. ಕಾಫಿ ಕೊಟ್ಟರು, ಕೋಡುಬಳೆ ಕೊಟ್ಟರು, ದೀಪ್ತಿಯನ್ನು ಪಕ್ಕದಲ್ಲೇ ಕೂರಿಸಿಕೊಂಡರು.

"ತಾಯಿ ಅಂದ್ರೆ ಪ್ರಾಣ ಸಾರ್ ಅವನಿಗೆ. ಒಂದು ದಿನ ಎದುರು ಮಾತಾಡಿದ್ದು ನಾನು ನೋಡಿಲ್ಲ."

ಕೋಡುಬಳೆ ಮುಗಿಸಿ ದೀಪ್ತಿ ಕೈ ತೊಳೆಯಲು ಎದ್ದಳು.

"ಬಚ್ಚಲಿಗೆ ಹೋಗ್ಬೇಡ ಕಣಮ್ಮ, ಅಡುಗೆಮನೇಲೇ ತೊಳ್ಕೋ," ಎಂದರು ಶೋಭಾರಾಣಿ.

ಆ ಬಚ್ಚಲನ್ನೊಮ್ಮೆ ತೋರಿಸಿ ಎಂಬ ಮಾತು ಪುರುಷೋತ್ತಮರ ಗಂಟಲವರೆಗೆ ಬಂತು. ಕೇಳಿದರೆ ಗುಟ್ಟು ಬಯಲಾಗುತ್ತದೆ. ನುಂಗಿಕೊಂಡರು. ಹೊರಡುವಾಗ ಶೋಭಾರಾಣಿ ಪುರುಷೋತ್ತಮರ ಫೋನ್ ನಂಬರು ಬರೆದುಕೊಂಡರು. ದೀಪ್ತಿಗೆ ಕುಂಕುಮ ಕೊಟ್ಟರು.

ಕಾರಿನಲ್ಲಿ ದೀಪ್ತಿ ಹೇಳಿದಳು: "ಅಪ್ಪಾ, ಟೈಲ್ಸ್ ಬಗ್ಗೆ ಇಬ್ರೂ ಒಂದಕ್ಷರ ಹೇಳ್ಲಿಲ್ಲ."

"ಮನುಷ್ಯ ಒಳ್ಳೆಯವನು ಅಂದ್ರಲ್ಲ. ಇನ್ನೆಷ್ಟು ಮನೆ ಅಲೀಲಿ ಕಣೇ? ನಂಗೆ ಸಾಕಾಗಿದೆ."

ಸಿದ್ಧಾರ್ಥ ಹೇಳಿದ ವಾರಕ್ಕೆ ಸರಿಯಾಗಿ ಕೆಲಸ ಮುಗಿಸಿದ. ಟೈಲ್ಸ್ ಕನ್ನಡಿಯಂತೆ ಹೊಳೆಯುತ್ತಿದ್ದವು. "ಮೂರು ದಿನ ನೀರು ಬೀಳಿಸ್ಬೇಡಿ ಸಾರ್, ಸಿಮೆಂಟು ಗಟ್ಟಿಯಾಗ್ಲಿ," ಎಂದು ವಿನಯದಿಂದ ಹೇಳಿಹೋದ. ಹುಡುಗ ನಿಜಕ್ಕೂ ಒಳ್ಳೆಯವನೇ.

ನಾಲ್ಕನೆಯ ದಿನ ದೀಪ್ತಿ ಅಮ್ಮನನ್ನು ಕರೆತರಲು ಬಿನ್ನಿಪೇಟೆಗೆ ಹೋದಳು. ಪುರುಷೋತ್ತಮ ಬಚ್ಚಲಿನ ಬಾಗಿಲಲ್ಲಿ ಒಂದು ಬಕೆಟ್ ನೀರು ತಂದಿಟ್ಟರು. ಸುರಿಯಬೇಕು, ಅಷ್ಟರಲ್ಲಿ ಫೋನು ಬಂತು.

"ನಾನು ಸಾರ್, ವಿಜಯನಗರದ ಶೋಭಾರಾಣಿ. ಏನು, ಸುದ್ದಿಯೇ ಇಲ್ಲ? ಊಟ ಯಾವಾಗ ಹಾಕಿಸ್ತೀರಾ?"

"ಯಾವ ಊಟ?"

"ಚೆನ್ನಾಗಿ ಕೇಳ್ತೀರಾ! ಮಗಳ ಮದುವೆ ಊಟ. ಸಿದ್ಧಾರ್ಥ ಒಪ್ಕೊಂಡ್ನಾ?"

"ನಾನು ಬಂದಿದ್ದು ಬಚ್ಚಲು ಮಾಡಿಸೋಕಮ್ಮ. ಅವನ ಕೆಲಸ ಹೇಗೆ ಅಂತ ಕೇಳೋಕೆ."

"ಅಯ್ಯೋ ದೇವರೇ! ಬಾಯಿಬಿಟ್ಟು ಹೇಳಬಾರ್ದಿತ್ತಾ ಸಾರ್? ಬೆಳೆದ ಮಗಳನ್ನ ಕರ್ಕೊಂಡು ಬಂದು ಹುಡುಗ ಹೇಗೆ ಅಂತ ಕೇಳಿದ್ರೆ ಯಾರು ತಾನೇ ಏನು ತಿಳ್ಕೋತಾರೆ? ಕೂಡಿ ಬರೋ ಸಂಬಂಧಾನ ನಮ್ಮ ಬಾಯಿಂದ ಯಾಕೆ ಕೆಡಿಸೋದು ಅಂತ ಒಳ್ಳೇದನ್ನಷ್ಟೇ ಹೇಳ್ದೆ. ಅವನ ಕೆಲಸ..." ಅವರು ಮಾತು ಮುಗಿಸಲಿಲ್ಲ.

ಪುರುಷೋತ್ತಮ ಬಕೆಟ್ಟಿನ ನೀರು ಸುರಿದು ಕಾದರು. ಹೊರಗೆ ಕಾರು ನಿಂತಿತು. ತುಂಗಾರ ವಾಕರು ಒಂದೊಂದೇ ಮೆಟ್ಟಿಲಿಗೆ ತಾಗುತ್ತ ಮೇಲೆ ಬಂತು. ಪುರುಷೋತ್ತಮ ಬಗ್ಗಿ ಬಾಗಿಲ ಬಳಿ ನಿಂತ ನೀರಿನಲ್ಲಿ ಸ್ಕೇಲು ನೆಟ್ಟಗೆ ಹಿಡಿದು ಓದಿದರು: ಹತ್ತೊಂಬತ್ತು ಮಿಲಿಮೀಟರ್.