ಮೊಯ್ಖೇಯಾ: ಅರ್ಥ ಮತ್ತು ಬಳಕೆ

ಎರಡು ದಿನದಿಂದ ಕನ್ನಡಕ ಕಾಣದೆ ಗ್ರೀಕ್ ಮೇಷ್ಟರು ಮನೆಯನ್ನೇ ತಲೆಕೆಳಗು ಮಾಡಿದ್ದರು. ಬೈಬಲ್ಲಿನ ಗ್ರೀಕ್ ಪದಗಳಿಗೆ ಅವರು ಬರೆಯುತ್ತಿದ್ದ ನಿಘಂಟು ‘ಮ’ ಅಕ್ಷರದಲ್ಲೇ ಬಿಡಾರ ಹೂಡಿತ್ತು. ಬೆಳಿಗ್ಗೆ ಹನ್ನೊಂದಕ್ಕೆ ಹೆಂಡತಿ ಕನ್ನಡಕ ತಂದು ಮೇಜಿನ ಮೇಲಿಟ್ಟಾಗ ಅವರಿಗೆ ಹೋದ ಜೀವ ಬಂದಂತಾಯಿತು.

“ಎಲ್ಲಿತ್ತೇ?”

“ಪಿಯಾನೋ ಟೀಚರ ದಿಂಬಿನ ಕೆಳಗೆ. ನಮ್ಮ ಕೆಲಸದವಳು ಅವರ ಮನೆಗೂ ಹೋಗ್ತಾಳಲ್ಲ, ಹಾಸಿಗೆ ಕೊಡವುವಾಗ ಸಿಕ್ತಂತೆ. ಪಾಪ, ಅಯ್ಯನೋರು ಹುಡುಕ್ತಿದ್ರು ಅಂತ ಓಡೋಡಿ ತಂದ್ಲು.”

ಬೇರೆ ಗಂಡಸಾಗಿದ್ದರೆ ಕಾಲು ಹಿಡಿಯುತ್ತಿದ್ದ, ಇಲ್ಲವೇ ಕೂಗಾಡುತ್ತಿದ್ದ. ಮೇಷ್ಟರು ಗಂಟಲು ಸರಿಮಾಡಿಕೊಂಡರು. ಇನ್ನು ಪಾಠ ಶುರು ಎಂದು ಆಕೆಗೆ ಗೊತ್ತಾಯಿತು. ಗ್ರಹಚಾರಕ್ಕೆ, ಅವರ ಮುಂದಿದ್ದ ನಿಘಂಟಿನ ಕಾರ್ಡಿನ ಪದವೂ ಅದೇ: ಮೊಯ್ಖೇಯಾ, ಅಂದರೆ ಹಾದರ.

“ನೋಡು, ದುಡುಕಬೇಡ. ಆ ಕಾಲದ ಬಳಕೇಲಿ ಈ ಪದ ಎಲ್ಲದಕ್ಕೂ ಹೊಂದೋದಿಲ್ಲ. ಹೆಂಗಸು ಇನ್ನೊಬ್ಬನ ಹೆಂಡತಿ ಆಗಿರ್ಬೇಕು. ಟೀಚರಿಗೆ ಮದುವೇನೇ ಆಗಿಲ್ಲ.”

“ಹಾಗಾದ್ರೆ ನೀವು ಮಾಡಿದ್ದಕ್ಕೆ ಏನಂತಾರೆ?”

“ಅದಕ್ಕೆ ಬೇರೆ ಪದ ಇದೆ. ಗ್ರೀಕ್ ವರ್ಣಮಾಲೇಲಿ ‘ಮ’ ಆದ್ಮೇಲೆ ಬರೋ ‘ಪ’ ಅಕ್ಷರದಲ್ಲಿದೆ. ಅಲ್ಲಿಗೆ ತಲುಪೋಕೆ ಇನ್ನೂ ಮೂರು ವರ್ಷ ಬೇಕು.”

“ಸರಿ, ಈ ಮೊಯ್ಖೇಯಾದಲ್ಲಿ ಅನ್ಯಾಯ ಆಗೋದು ಯಾರಿಗೆ?”

“ಆ ಹೆಂಗಸಿನ ಗಂಡನಿಗೆ.”

“ಈ ಗಂಡಸಿನ ಹೆಂಡತಿಗೆ?”

“ಅವಳು ಆ ವಿಚಾರದಲ್ಲಿ ಬರೋದೇ ಇಲ್ಲ.”

ದಿಂಬಿನ ವಿಷಯ ಕೇಳಿದಾಗ ಆಕೆಗೆ ಸಿಟ್ಟು ಬಂದಿತ್ತು, ಅಷ್ಟೆ. ಈ ಮಾತನ್ನು ಮಾತ್ರ ಆಕೆ ಸಹಿಸದಾದಳು. ಮೇಷ್ಟರ ಕಾಗೆ ಕಾಲು ಗುಬ್ಬಿ ಕಾಲು ಅಕ್ಷರವನ್ನು ಯಾವ ಪ್ರೆಸ್ಸಿನವರೂ ಓದಲಾರರೆಂದು, ಇಪ್ಪತ್ತೆರಡು ವರ್ಷದಿಂದ ಒಂದೊಂದು ಪದದ ಕಾರ್ಡನ್ನೂ ದುಂಡಗೆ ನಕಲು ಮಾಡಿಕೊಟ್ಟವಳು ಆಕೆ. ಗ್ರೀಕನ್ನು ಯಾರೂ ಕಲಿಸಿರಲಿಲ್ಲ. ಬರೆದೂ ಬರೆದೂ ಬಂದಿತ್ತು. ಡ್ರಾಯರ್ ಎಳೆದು, ಮೇಷ್ಟರು ಬೇಡವೆಂದು ತೆಗೆದಿಟ್ಟಿದ್ದ ಕಟ್ಟಿನಿಂದ ಒಂದು ಕಾರ್ಡು ಹೆಕ್ಕಿದಳು.

“ಸುವಾರ್ತೇಲಿ ಒಂದು ಕಡೆ ಇದೆಯಲ್ಲ, ಹೆಂಡ್ತೀನ ಬಿಟ್ಟು ಇನ್ನೊಬ್ಬಳನ್ನ ಕಟ್ಕೊಂಡೋನು ಆ ಹೆಂಡ್ತಿಗೇ ದ್ರೋಹ ಮಾಡ್ದ ಅಂತ. ಅಲ್ಲೂ ಇದೇ ಪದ. ಇದನ್ಯಾಕೆ ಬಿಟ್ರಿ?”

ಮೇಷ್ಟರು ಕಾರ್ಡಿನ ಕಡೆ ನೋಡಲಿಲ್ಲ. “ಹಾಗೆ ಬರೋದು ಅದೊಂದೇ ಕಡೆ. ವಿದ್ವಾಂಸರಲ್ಲೂ ತಕರಾರಿದೆ. ಅದೂ ಅಲ್ದೆ, ನಾನೇನು ನಿನ್ನ ಬಿಟ್ಟಿಲ್ವಲ್ಲ!”

“ಹೆಂಗೆ ಬಿಡ್ತೀರಿ? ಬಿಟ್ರೆ ಕಾರ್ಡು ಬರೆಯೋರು ಯಾರು?”

ಆಕೆ ಕುರ್ಚಿ ಎಳೆದುಕೊಂಡು ಕೂತು, ಹೊಸ ಕಾರ್ಡೊಂದರಲ್ಲಿ ನಾಲ್ಕು ಸಾಲು ಬರೆದಳು. ಶಾಯಿ ಆರುವವರೆಗೆ ಊದಿ, ಗಂಡನ ಮುಂದೆ ಸರಿಸಿದಳು.

“ಇದೇ ಕೊನೇದು. ಇನ್ನು ಮುಂದಿನದನ್ನ ನೀವೇ ಬರ್ಕೊಳ್ಳಿ. ಆಗದಿದ್ರೆ ಟೀಚರಿಗೆ ಕಲಿಸಿ, ಹೇಗೂ ಹತ್ತೂ ಬೆರಳು ಚುರುಕಾಗಿವೆ,” ಎಂದು ಒಳಗೆ ಹೋದಳು.

ಕಾರ್ಡಿನಲ್ಲಿ ಹೀಗಿತ್ತು:

ಮೊಯ್ಖೇಯಾ: ಹಾದರ.
ಅನ್ಯಾಯ ಆಗುವುದು: ಹೆಂಡತಿಗೂ.
ಬಳಕೆ: ಬಹಳ ಹಳೆಯದು, ಈಗಲೂ ಚಾಲ್ತಿಯಲ್ಲಿದೆ.
ಉದಾಹರಣೆ: ಈ ನಿಘಂಟಿನ ಸಂಪಾದಕರು.

ಅಕ್ಕನ ಮನೆಗೆಂದು ಸೂಟ್‌ಕೇಸ್ ಹಿಡಿದು ಆಕೆ ಹೊರಬಂದಾಗ ಮೇಷ್ಟರು ಅಭ್ಯಾಸಬಲದಿಂದ ಕೆಂಪು ಪೆನ್ನು ಬಿಚ್ಚಿಕೊಂಡು ಆ ಕಾರ್ಡನ್ನೇ ಮೂರನೆಯ ಸಲ ಓದುತ್ತಿದ್ದರು. ತಿದ್ದಲು ಒಂದಕ್ಷರವೂ ಸಿಕ್ಕಿರಲಿಲ್ಲ.