ಕೊನೆಯ ರೈಲಿಗೆ ಬಾವುಟ

ಬಸ್ಸಿನ ಧಣಿ ಎಷ್ಟು ಬಾವುಟ ಬೀಸಿದರೂ ರೈಲು ಕದಲಲಿಲ್ಲ. ಆ ಲೈನಿನ ಕೊನೆಯ ರೈಲನ್ನು ಕಳಿಸಿಕೊಡಲು ಬಂದ ಮುಖ್ಯ ಅತಿಥಿ ಆತ. ಕಣ್ಣೀರು ಹಾಕಲು ಬಂದ ಊರಿನವರೆಲ್ಲ ಆತನ ಬಸ್ಸಿನಲ್ಲೇ ಬಂದಿದ್ದರು. ವಾಪಸು ಹೋಗುವುದೂ ಅದರಲ್ಲೇ.

“ಈ ಹಳಿ ಹಾಕಿಸಿದ್ದು ನಮ್ಮ ತಾತ” ಎಂದು ಈಗಷ್ಟೇ ಭಾಷಣದಲ್ಲಿ ಗದ್ಗದಿತನಾಗಿದ್ದ. ಅದೇನೋ ನಿಜ. ತಾತನ ಕಾಲದಲ್ಲಿ ಮೂಟೆ ಇಳಿಸಲು ಪ್ಲಾಟ್‌ಫಾರಂ ಸಾಲುತ್ತಿರಲಿಲ್ಲ. ಮೊಮ್ಮಗ ದಿನಾ ರೈಲಿಗಿಂತ ಸ್ವಲ್ಪ ಮುಂಚೆ ಸ್ಟೇಷನ್ನಿನ ಬಾಗಿಲಿಗೇ ಬಸ್ಸು ತಂದು ನಿಲ್ಲಿಸಿ, ಕಾದಿದ್ದವರನ್ನೆಲ್ಲ ಗುಡಿಸಿಕೊಂಡು ಹೋದ.

“ಗಂಡನ ಮನೆಗೆ ಹೋಗಲ್ಲ ಅಂತ ಹಟ ಹಿಡಿದಿದೆ ಕಣ್ರೀ” ಎಂದು ಯಾರೋ ನಕ್ಕರು. ಧಣಿ ಸ್ಟೇಷನ್ ಮಾಸ್ಟರ್ ಕಡೆ ತಿರುಗಿದ. “ಏನ್ರೀ, ನಿಮ್ಮ ಡ್ರೈವರ್‌ಗೆ ಕಣ್ಣು ಕಾಣಲ್ವಾ?” ಮೇಲಿನವರು ಹೇಳಿದ್ದಕ್ಕೆ ಮಾಸ್ಟರ್ ಎರಡೂ ಬಾವುಟಗಳನ್ನು ಆತನ ಕೈಗೇ ಒಪ್ಪಿಸಿದ್ದರು. ಬಿಳಿ ಅಂಗಿಯ ಮುಂದೆ ಫೋಟೊದಲ್ಲಿ ಎದ್ದು ಕಾಣುತ್ತದೆಂದು ಆತ ಕೆಂಪನ್ನು ಬಿಚ್ಚಿ, ಹಸಿರನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದ. ತಾನು ಬಾಯಿ ಬಿಡದಿದ್ದರೆ ರೈಲು ಇಲ್ಲೇ ಉಳಿಯುತ್ತದೆ, ಲೈನು ಮುಚ್ಚುವುದಿಲ್ಲ ಎಂಬ ಹುಚ್ಚು ಆಸೆ ಮಾಸ್ಟರಿಗೆ.

ಅಷ್ಟರಲ್ಲಿ ರೈಲಿನ ಒಬ್ಬಳೇ ಪ್ರಯಾಣಿಕಳು, ಒಬ್ಬ ಮುದುಕಿ, ಕಿಟಕಿಯಿಂದ ತಲೆ ಹೊರಗೆ ಹಾಕಿದಳು. “ಹೊರಡಿಸಪ್ಪ. ಮಗಳು ಅಲ್ಲಿ ಕಾಯ್ತಾ ನಿಂತಿರ್ತಾಳೆ.”

ಮಾಸ್ಟರ್ ಧಣಿಯ ಕೈಯಿಂದ ಕೆಂಪು ಬಾವುಟ ಕಿತ್ತುಕೊಂಡು, ಕಂಕುಳಿನಿಂದ ಹಸಿರನ್ನು ಎಳೆದು ಬಿಚ್ಚಿದರು. “ಹೊರಡಿಸ್ತೀನಮ್ಮ. ಇವರಿಗೆ ನಿಲ್ಲಿಸೋದು ಮಾತ್ರ ಬರೋದು.”