ಗೋಡೆಯಾಚೆಯ ಗಿಟಾರ್

ಗಿರಾಕಿ ಗೋಡೆಗೆ ಕಿವಿ ಹಚ್ಚಿ ನಿಂತಾಗ ಅಂಗಡಿಯವನಿಗೆ ಅನುಮಾನ ಬಂತು.

ವಾದ್ಯ ಕೊಳ್ಳಲು ಬಂದವರು ವಾದ್ಯಕ್ಕೆ ಕಿವಿ ಕೊಡುತ್ತಾರೆ. ಈ ಮನುಷ್ಯ ತಗ್ಗಿನ ಸ್ವರ ನುಡಿಸುವ ಪುಟ್ಟ ಬೇಸ್ ಗಿಟಾರನ್ನು ಅಂಗಡಿಯವನ ಕೈಗೇ ಕೊಟ್ಟು, ಸ್ಪೀಕರನ್ನು ಗೋಡೆಗೆ ತಿರುಗಿಸಿ, ಮೀಟುತ್ತಾ ಇರಿ ಎಂದು ಹೇಳಿ ತಾನು ಪಕ್ಕದ ಉಗ್ರಾಣಕ್ಕೆ ಹೋಗಿದ್ದ. ಅಲ್ಲಿಂದ, ಕೇಳ್ತಿದೆ, ಸ್ವಲ್ಪ ಕೇಳ್ತಿದೆ, ಎಂದು ಕೂಗುತ್ತಿದ್ದ.

ಅಂಗಡಿಯವನಿಗೆ ತಲೆಬುಡ ಅರ್ಥವಾಗಲಿಲ್ಲ. ಇವು ಪ್ರಯಾಣದ ಬೇಸ್‌ಗಳು. ರೈಲಿನಲ್ಲಿ, ಲಾಡ್ಜಿನಲ್ಲಿ ಯಾರಿಗೂ ತೊಂದರೆಯಾಗದ ಹಾಗೆ ನುಡಿಸುವುದಕ್ಕೇ ಜನ ಒಯ್ಯುತ್ತಾರೆ. ಸ್ಪೀಕರಿಗೆ ಜೋಡಿಸದಿದ್ದರೆ ನುಡಿಸುವವರ ಮಡಿಲು ದಾಟಿ ಸದ್ದು ಹೋಗುವುದಿಲ್ಲ. ಇವನಿಗೆ ನೋಡಿದರೆ ಗೋಡೆಯನ್ನೇ ದಾಟಬೇಕು.

"ಎಲ್ಲಿಗೆ ಪ್ರಯಾಣ, ಸಾರ್?"

"ಮಂಚದಿಂದ ಗೋಡೆಗೆ."

ಮೊದಲು ನೋಡಿದ ಬೇಸಿಗೆ ಮೈಯೇ ಇರಲಿಲ್ಲ, ಬರೀ ಕೋಲು. ತೊಡೆಯ ಮೇಲಿಟ್ಟರೆ ಕತ್ತು ನೆಲ ನೋಡುತ್ತಿತ್ತು. ಇನ್ನೊಂದರ ತಂತಿಗಳು ರಬ್ಬರಿನವು. ನಾದವೇನೋ ಇಂಪು, ಆದರೆ ಉಗ್ರಾಣ ಮುಟ್ಟುವಷ್ಟರಲ್ಲಿ ಸುಸ್ತಾಗುತ್ತಿತ್ತು. ಕೊನೆಯದಕ್ಕೆ ತಲೆಯಿಲ್ಲ, ಬಿರಡೆಗಳೆಲ್ಲ ಬುಡದಲ್ಲಿ. ಕತ್ತು ಗಿಡ್ಡವಾದ್ದರಿಂದ ತಂತಿ ಕೊಂಚ ಸಡಿಲ. ಜೋರು ಮಾಡಿದರೆ ಪಟಪಟ ಬಡಿಯುತ್ತಿತ್ತು, ಮೆಲ್ಲಗೆ ಬೆರಳಿಟ್ಟರೆ ಸ್ವರ ದುಂಡಗೆ ಹೊರಟು ಗೋಡೆಯೊಳಗೆ ಇಳಿಯುತ್ತಿತ್ತು. ತಲೆಯಿಲ್ಲದ್ದೇ ಇರಲಿ, ನನಗೆ ಅದೇ ಸರಿಜೋಡಿ ಅಂತಾಳೆ ನಮ್ಮಕ್ಕ, ಎಂದು ಅವನು ಅದನ್ನೇ ಆರಿಸಿಕೊಂಡ.

ಅವನು ಲಿಫ್ಟ್ ರಿಪೇರಿಯವನು. ದಿನವೂ ಎಷ್ಟೋ ಜನರ ಮುಖ ನೋಡುತ್ತಾನೆ, ಎಲ್ಲರೂ ಕೇಳುವುದು ಒಂದೇ ಮಾತು: ಇನ್ನೂ ಎಷ್ಟು ಹೊತ್ತು? ಲಿಫ್ಟ್ ಸರಿಹೋದ ಮೇಲೆ ಅದನ್ನೂ ಕೇಳುವುದಿಲ್ಲ. ಹಿಂದೆ ಗೆಳೆಯರ ತಂಡದಲ್ಲಿ ಬೇಸ್ ನುಡಿಸುತ್ತಿದ್ದ. ಒಬ್ಬೊಬ್ಬರಾಗಿ ಗೆಳೆಯರು ಚದುರಿದರು. ದೊಡ್ಡ ಬೇಸನ್ನು ಮಾರಿಬಿಟ್ಟ. ಒಬ್ಬನೇ ನುಡಿಸುವ ವಾದ್ಯವಲ್ಲ ಅದು. ಮನೆಯ ಅಡಿಪಾಯವಿದ್ದ ಹಾಗೆ. ಮೇಲೆ ಮನೆ ಇಲ್ಲದಿದ್ದರೆ ಬರೀ ಕಲ್ಲು.

ಈ ಬಾಡಿಗೆ ಕೋಣೆಗೆ ಬಂದ ಮೇಲೆ ಆ ಗಿಟಾರ್ ಕೇಳಿಸತೊಡಗಿತು. ಸಂಜೆಯಾದರೆ ಸಾಕು, ಮಂಚಕ್ಕೆ ತಾಗಿದ ಗೋಡೆಯ ಆಚೆಯಿಂದ. ಗೋಡೆ ಒಂದೇ ಆದರೂ ಆ ಕಟ್ಟಡದ ಬಾಗಿಲು ಹಿಂದಿನ ರಸ್ತೆಗಿತ್ತು, ಮೆಟ್ಟಿಲೂ ಬೇರೆ. ನುಡಿಸುವವರನ್ನು ಅವನು ಕಂಡೇ ಇರಲಿಲ್ಲ. ಭಲೇ ಕೈ ಅದು. ಒಂದು ತಪ್ಪಿಲ್ಲ, ನಿನ್ನೆ ಹೇಗೋ ಇವತ್ತೂ ಹಾಗೇ. ಆದರೆ ತಗ್ಗಿನ ಸ್ವರಗಳ ಜಾಗ ಮಾತ್ರ ಸದಾ ಖಾಲಿ, ಪಕ್ಕದಲ್ಲಿ ಕೂತು ನುಡಿಸುತ್ತಿದ್ದವರು ಎದ್ದು ಹೋದ ಹಾಗೆ. ಕೆಲವೊಮ್ಮೆ ಗಿಟಾರ್ ಹಾಡಿನ ನಡುವೆಯೇ ತಟ್ಟನೆ ನಿಂತುಬಿಡುತ್ತಿತ್ತು. ಹೋದವರ ನೆನಪಾಗಿರಬೇಕು, ಪಾಪ, ಎಂದುಕೊಂಡ. ಆ ಖಾಲಿ ಜಾಗ ತನ್ನನ್ನೇ ಕರೆಯುತ್ತಿದೆ ಎನ್ನಿಸಿತು.

ದೊಡ್ಡ ಬೇಸ್ ಹಿಡಿದರೆ ಬೀರುವಿಗೆ ತಾಗುವಷ್ಟು ಇಕ್ಕಟ್ಟು ಆ ಮಂಚದ ಮೇಲೆ. ಈ ಪುಟ್ಟದು ಸರಿಯಾಗಿ ಕೂತಿತು. ಅಂದು ಸಂಜೆ ಗಿಟಾರ್ ಶುರುವಾಗುತ್ತಲೇ ಸ್ಪೀಕರನ್ನು ಗೋಡೆಗೆ ಒತ್ತಿಟ್ಟು ಆ ಜಾಗಕ್ಕೆ ತನ್ನ ಸ್ವರ ಇಟ್ಟ. ಹೇಳಿ ಮಾಡಿಸಿದ ಹಾಗೆ ಕೂತಿತು. ಎಷ್ಟೋ ಕಾಲದ ಮೇಲೆ ಕಣ್ಣು ತುಂಬಿ ಬಂತು.

ಆಚೆಯವರಿಗೆ ಕೇಳಿಸುತ್ತಿದೆಯೇ? ಅದಕ್ಕೂ ಉತ್ತರ ಸಿಕ್ಕಿತು. ಕಷ್ಟದ ಒಂದು ತಿರುವಿನಲ್ಲಿ ಅವನ ಬೆರಳು ಜಾರಿತು. ತಕ್ಷಣ ಗಿಟಾರ್ ನಿಂತಿತು. ಕ್ಷಣ ಬಿಟ್ಟು ಮೊದಲಿನಿಂದ ಶುರುವಾಯಿತು. ತನಗಾಗಿ ಕಾದಿದ್ದಾರೆ! ಲಿಫ್ಟಿನವನಿಗಾಗಿ ಯಾರಾದರೂ ಬೈಯದೆ ಕಾದದ್ದು ಅದೇ ಮೊದಲು.

ಫೋನಿನಲ್ಲಿ ಅಕ್ಕನಿಗೆ ಹೇಳಿದ. ಅವಳು ನಕ್ಕಳು.

"ಹೋಗಿ ಬಾಗಿಲು ತಟ್ಟೋ. ಎಷ್ಟು ದಿನ ಅಂತ ಗೋಡೆ ಜೊತೆ ಸಂಸಾರ ಮಾಡ್ತೀಯ?"

ತಟ್ಟಿದ ಮೇಲೆ ಅವರು ನುಡಿಸುವುದನ್ನೇ ನಿಲ್ಲಿಸಿಬಿಟ್ಟರೆ ಎಂದು ಅವನಿಗೆ ಭಯ. ಇರುವುದೊಂದು ಜೊತೆ, ಅದೂ ತಪ್ಪಿದರೆ ಸಂಜೆಗಳನ್ನು ಏನು ಮಾಡುವುದು? ಅಕ್ಕ ಬಿಡಲಿಲ್ಲ. ಕೈಯಲ್ಲಿ ವಾದ್ಯ ಹಿಡಿದುಕೊಂಡೇ ಹೋಗು, ಮಾತು ಬಾರದಿದ್ದರೆ ಅದಾದರೂ ಮಾತಾಡುತ್ತೆ ಎಂದಳು.

ರಜೆಯ ದಿನ ಸಂಜೆ ಗಿಟಾರ್ ಶುರುವಾದದ್ದು ಕೇಳಿಯೇ ಹೊರಟ. ಒಗೆದ ಅಂಗಿ, ಕಂಕುಳಲ್ಲಿ ಬೇಸ್. ರಸ್ತೆ ಸುತ್ತಿ ಹಿಂದಿನ ಮೆಟ್ಟಿಲು ಹತ್ತಿದ. ಬಾಗಿಲ ಹಿಂದೆ ಅದೇ ಹಾಡು, ಅದೇ ಕೈ. ತಟ್ಟಿದ.

ಬಾಗಿಲು ತೆರೆಯಿತು. ಗಿಟಾರ್ ನಿಲ್ಲಲಿಲ್ಲ.

ತೆರೆದವಳು ಅವನದೇ ವಯಸ್ಸಿನ ಹೆಂಗಸು. ಅವನು ಅವಳ ಹೆಗಲಾಚೆ ಇಣುಕಿದ. ಕೋಣೆಯಲ್ಲಿ ಒಂದೇ ಕುರ್ಚಿ, ಅದೂ ಖಾಲಿ. ಗೋಡೆಯ ಆಚೆ ಬದಿಯಲ್ಲಿ ಇರುವವನು ನಾನು ಎಂದು ತಡವರಿಸಿದ.

"ಗಿಟಾರ್ ನುಡಿಸೋರನ್ನ ನೋಡಬೇಕಿತ್ತು."

"ಇಲ್ಲಿ ನಾನೊಬ್ಬಳೇ ಇರೋದು. ಅದು ರೆಕಾರ್ಡು. ಅಭ್ಯಾಸ ಮಾಡೋರಿಗೆ ಅಂತ ಅದರಲ್ಲಿ ಬೇಸ್ ಭಾಗ ಮಾತ್ರ ತೆಗೆದುಬಿಟ್ಟಿರ್ತಾರೆ. ನನ್ನ ಕೈ ತಪ್ಪಿದರೆ ನಿಲ್ಲಿಸಿ ಮತ್ತೆ ಹಾಕ್ಕೋತೀನಿ."

ಆಗ ಅವನು ಅವಳ ಹೆಗಲ ಪಟ್ಟಿ ನೋಡಿದ. ಅದರಲ್ಲಿ ಪುಟ್ಟದೊಂದು ಬೇಸ್ ನೇತಾಡುತ್ತಿತ್ತು. ಯಾವ ಸ್ಪೀಕರಿಗೂ ಜೋಡಿಸಿರಲಿಲ್ಲ. ಅವಳೂ ಅವನ ಕಂಕುಳಲ್ಲಿದ್ದದ್ದನ್ನು ನೋಡಿದಳು, ನೋಡುತ್ತಲೇ ಅವಳ ಮುಖ ಬಾಡಿತು.

"ಓ, ಅದು ನೀವಾ," ಎಂದಳು. "ನನ್ನ ಸ್ವರವೇ ಗೋಡೆಗೆ ತಾಗಿ ನನಗೆ ವಾಪಸ್ ಬರ್ತಿದೆ ಅಂದ್ಕೊಂಡಿದ್ದೆ."